ಯಂತ್ರ ವಿಚಾರ: ಚೈನ್‌ಸಾ ಹಿಡಿಯುವವರಿಗೂ ಹಿಡಿಸುವವರಿಗೂ

ಕಳೆದ ಸಂಚಿಕೆಯಲ್ಲಿ ಕಳೆ ಕೊಚ್ಚುವ ಯಂತ್ರದ ಬಗ್ಗೆ ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಹೆಚ್ಚಿನವು ಕೇಳಿದ್ದು ಮರ ಕೊಯ್ಯುವ ಚೈನ್‌ಸಾ ಬಗ್ಗೆ. ಆಶ್ಚರ್ಯವೇನಿಲ್ಲ. ಅಡಿಕೆ ಬೇಯಿಸುವ ಒಲೆಗೂ ಬಚ್ಚಲ ಹಂಡೆಗೂ ಕಟ್ಟಿಗೆ ಕೂಡಿಡುವ ಕಾಲವಿದು. ಶಿರಸಿಯ ನನ್ನ ದುರಸ್ತಿ ಅಂಗಡಿಯ ಕಟ್ಟೆಯ ಮೇಲೆ ಈಗ ಪಂಪುಗಳಿಗಿಂತ ಚೈನ್‌ಸಾಗಳೇ ಹೆಚ್ಚು. ಹೀಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಯಾವ ಕಂಪನಿಯದು ಕೊಳ್ಳಲಿ ಎಂಬ ಪ್ರಶ್ನೆಗಳನ್ನು ಬದಿಗಿಟ್ಟಿದ್ದೇನೆ. ಆ ಮಾತಿಗೆ ಮಾರುವವರಿದ್ದಾರೆ.

ಪ್ರಶ್ನೆ: ಬೆಟ್ಟದ ಒಣಮರ ಕೊಯ್ಯಲೆಂದು ಈ ವರ್ಷ 18 ಇಂಚಿನ ಬಾರ್ ಇರುವ ಚೈನ್‌ಸಾ ಕೊಂಡೆ. ಕೆಲಸಕ್ಕೆ ಬರುವವನು ಮುಂದಿನ ಹಿಡಿಕೆಯ ಎದುರಿಗಿದ್ದ ಪ್ಲಾಸ್ಟಿಕ್ ತಡೆಯನ್ನು ಬಿಚ್ಚಿಟ್ಟಿದ್ದಾನೆ. ಅದು ಪದೇ ಪದೇ ಲಾಕ್ ಆಗಿ ಕೆಲಸ ಕೆಡಿಸುತ್ತದೆಯಂತೆ. ಬಹಳ ವರ್ಷ ಪಳಗಿದ ಕೈ ಅವನದು. ನಾನು ಸುಮ್ಮನಿರಬಹುದೇ?
— ಅಡಿಕೆ ಬೆಳೆಗಾರ, ಹುಲೇಕಲ್

ಉತ್ತರ: ಸುಮ್ಮನಿರಬೇಡಿ. ಅವನು ಬಿಚ್ಚಿಟ್ಟಿರುವುದು ಯಂತ್ರದ ಬ್ರೇಕನ್ನು. ತಡೆಯನ್ನು ಮತ್ತೆ ಕೂಡಿಸುವವರೆಗೆ ಆ ಯಂತ್ರವನ್ನು ಕೊಟ್ಟಿಗೆಯಿಂದ ಹೊರಗೆ ತರಬೇಡಿ.

ಚೈನು ಬಾರಿನ, ಅಂದರೆ ಯಂತ್ರದಿಂದ ಮುಂದಕ್ಕೆ ಚಾಚಿದ ಉದ್ದ ಪಟ್ಟಿಯ, ಮೇಲ್ಬದಿಯಲ್ಲಿ ಮುಂದಕ್ಕೆ ಓಡಿ, ತುದಿಯನ್ನು ಸುತ್ತಿ, ಕೆಳಬದಿಯಲ್ಲಿ ನಮ್ಮ ಕಡೆಗೆ ಬರುತ್ತದೆ. ತುದಿಯ ದುಂಡು ಭಾಗದ ಮೇಲಿನ ಅರ್ಧಕ್ಕೆ ಒಂದು ಟೊಂಗೆಯೋ ಪಕ್ಕದ ದಿಮ್ಮಿಯೋ ತಾಗಿ ಹಲ್ಲು ಕಚ್ಚಿಕೊಂಡಿತೆನ್ನಿ. ಎಂಜಿನ್ನಿನ ಅಷ್ಟೂ ಬಲ ಆಗ ಬಾರನ್ನು ಮೇಲಕ್ಕೆತ್ತಿ ಹಿಂದಕ್ಕೆ, ಹಿಡಿದವನ ಮುಖ, ಕುತ್ತಿಗೆ, ಎಡ ಹೆಗಲಿನ ಕಡೆಗೆ ಎಸೆಯುತ್ತದೆ. ಕೆಲಸಗಾರರು ಇದನ್ನು ‘ಒದೆಯುತ್ತದೆ’ ಎನ್ನುತ್ತಾರೆ. ಒದ್ದಾಗ ಎಡಗೈಯ ಮಣಿಕಟ್ಟು ಆ ತಡೆಗೆ ತಾಗಬೇಕು, ತಡೆ ಮುಂದಕ್ಕೆ ಬಾಗಬೇಕು, ಒಳಗಿನ ಉಕ್ಕಿನ ಪಟ್ಟಿ ಕ್ಲಚ್ಚಿನ ಡ್ರಮ್ಮನ್ನು ಹಿಡಿದು ಚೈನನ್ನು ನಿಲ್ಲಿಸಬೇಕು. ಈಗಿನ ಯಂತ್ರಗಳಲ್ಲಿ ಕೈ ತಾಗದಿದ್ದರೂ ಒದೆತದ ಜೋರಿಗೇ ತಡೆ ಮುಂದಕ್ಕೆ ಹೋಗುತ್ತದೆ.

ಇನ್ನು ಪಳಗಿದ ಕೈಯ ಮಾತು. ಪೂರ್ತಿ ವೇಗದಲ್ಲಿ ಚೈನು ಸೆಕೆಂಡಿಗೆ 20 ಮೀಟರಿನಷ್ಟು ಓಡುತ್ತದೆ. ಮನುಷ್ಯ ಬೆಚ್ಚಿ ಕೈ ಹಿಂತೆಗೆಯಲು ಕಾಲು ಸೆಕೆಂಡಾದರೂ ಬೇಕು. ಅಷ್ಟರಲ್ಲಿ 5 ಮೀಟರ್ ಚೈನು ಹಾದುಹೋಗಿರುತ್ತದೆ. ಎಷ್ಟು ವರ್ಷ ಪಳಗಿದರೂ ಈ ಲೆಕ್ಕ ಬದಲಾಗದು.

ಪದೇ ಪದೇ ಲಾಕ್ ಆಗುತ್ತದೆ ಎಂದರೆ ಕಾರಣ ಎರಡರಲ್ಲಿ ಒಂದು. ಅವನು ತುದಿಯಿಂದ ಟೊಂಗೆ ಸವರುತ್ತಿದ್ದಾನೆ, ಯಂತ್ರ ಮತ್ತೆ ಮತ್ತೆ ಒದೆಯುತ್ತಿದೆ, ಬ್ರೇಕ್ ತನ್ನ ಕೆಲಸ ಮಾಡುತ್ತಿದೆ. ಅಥವಾ ಒಳಗೆ ಕೊಳೆ ತುಂಬಿದೆ. ಮೊನ್ನೆ ನನ್ನ ಕಟ್ಟೆಗೆ ಬಂದ ಯಂತ್ರವೊಂದರಲ್ಲಿ ತಡೆಯನ್ನು ಕಟ್ಟುತಂತಿಯಿಂದ ಹಿಡಿಕೆಗೆ ಬಿಗಿದಿದ್ದರು. ತಂತಿ ಬಿಚ್ಚಿ ಪಕ್ಕದ ಮುಚ್ಚಳ ತೆಗೆದೆ. ಎಣ್ಣೆಯಲ್ಲಿ ಕಲಸಿದ ಮರದ ಹೊಟ್ಟು ಬ್ರೇಕಿನ ಪಟ್ಟಿಯ ಸುತ್ತ ಕರ್ರಗೆ ಗಟ್ಟಿಕಟ್ಟಿತ್ತು. ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಕೆರೆದು, ಒಣಬಟ್ಟೆಯಲ್ಲಿ ಒರೆಸಿ ಕೂಡಿಸಿದ್ದೇ ತಡ, ತಡೆ ‘ಟಕ್’ ಎಂದು ಹೋಗಿ ‘ಟಕ್’ ಎಂದು ಬಂತು. ಹೊಸ ಬಿಡಿಭಾಗ ಒಂದೂ ಹಾಕಲಿಲ್ಲ.

ದಿನವೂ ಕೆಲಸಕ್ಕೆ ಮೊದಲು ಪರೀಕ್ಷೆ ಮಾಡಿಸಿ. ಯಂತ್ರವನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಕ್ಷಣ ವೇಗ ಕೊಟ್ಟು, ಹಿಡಿಕೆ ಬಿಡದೆ ಎಡ ಮಣಿಕಟ್ಟಿನಿಂದ ತಡೆಯನ್ನು ಮುಂದಕ್ಕೆ ತಳ್ಳಿದರೆ ಚೈನು ಅಲ್ಲಿಗಲ್ಲಿಗೆ ನಿಲ್ಲಬೇಕು. ಹಾಗೆಯೇ, ವೇಗ ಕೊಡದೆ ಬಿಟ್ಟಾಗ ಚೈನು ತಿರುಗಬಾರದು. ಎಡಗೈಯ ಹೆಬ್ಬೆರಳು ಹಿಡಿಕೆಯನ್ನು ಕೆಳಗಿನಿಂದ ಸುತ್ತಿರಲಿ. ನಾಲ್ಕು ಬೆರಳು ಮೇಲಿಟ್ಟು ಹೆಬ್ಬೆರಳನ್ನೂ ಅವುಗಳ ಸಾಲಿಗೆ ಸೇರಿಸಿದರೆ ಒದ್ದಾಗ ಹಿಡಿಕೆ ಕೈ ತಪ್ಪುತ್ತದೆ. ಬಾರಿನ ನೇರಕ್ಕೆ ತಲೆ ಬಾರದಂತೆ ತುಸು ಎಡಕ್ಕೆ ನಿಲ್ಲಬೇಕು. ಹೆಗಲಿಗಿಂತ ಎತ್ತರದಲ್ಲಿ ಕೊಯ್ಯಬಾರದು.

ಪ್ರಶ್ನೆ: ಅಪ್ಪಿಕೋ ಚಳವಳಿ ಹುಟ್ಟಿದ ತಾಲ್ಲೂಕಿನಲ್ಲಿ ಕೂತು ಮರ ಕೊಯ್ಯುವ ಯಂತ್ರದ ಬಗ್ಗೆ ಬರೆಯುತ್ತೀರಂತೆ. ನಾಚಿಕೆ ಆಗುವುದಿಲ್ಲವೇ?
— ಓದುಗ, ಶಿರಸಿ

ಉತ್ತರ: ಇಲ್ಲ. 1983ರಲ್ಲಿ ಸಾಲ್ಕಣಿಯವರು ಮರ ಅಪ್ಪಿಕೊಂಡದ್ದರ ಬಗ್ಗೆ ನನಗೂ ಹೆಮ್ಮೆಯಿದೆ. ಯಾವ ಮರ ಕಡಿಯಬಹುದು ಎಂಬುದಕ್ಕೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಿದೆ, ಅರಣ್ಯ ಇಲಾಖೆಯ ಕಚೇರಿಯಿದೆ. ಅನುಮತಿ ಪಡೆಯದೆ ಯಂತ್ರ ಚಾಲೂ ಮಾಡಬೇಡಿ ಎಂದು ಇಲ್ಲಿಯೂ ಹೇಳುತ್ತೇನೆ. ಗಾಳಿಗೆ ಬಿದ್ದ ಮರವನ್ನು ಕೊಯ್ಯುವವನಿಗೂ ಎರಡು ಕಾಲುಗಳಿವೆ, ಅವು ಉಳಿಯಬೇಕು. ನನ್ನ ಅಂಕಣ ಅಷ್ಟಕ್ಕೆ.

ಪ್ರಶ್ನೆ: ಚೈನಿಗೆ ನಾನೇ ಅರ ಹಾಕುತ್ತೇನೆ. ಆದರೂ ಚಕ್ಕೆ ಬದಲು ಹಿಟ್ಟಿನಂಥ ಹೊಟ್ಟು ಬೀಳುತ್ತದೆ, ಕೊಯ್ತ ಬಲಕ್ಕೆ ಓರೆಯಾಗುತ್ತದೆ. ಇದಕ್ಕೂ ಅಪಾಯಕ್ಕೂ ಸಂಬಂಧವಿದೆಯೇ?
— ಕೃಷಿಕ, ಸಿದ್ದಾಪುರ

ಉತ್ತರ: ನೇರ ಸಂಬಂಧ. ಮೊಂಡು ಚೈನನ್ನು ಮನುಷ್ಯ ಒತ್ತುತ್ತಾನೆ. ಒತ್ತಿದವನ ಮೈಭಾರ ಯಂತ್ರದ ಮೇಲಿರುತ್ತದೆ. ದಿಮ್ಮಿ ತುಂಡಾದ ಕ್ಷಣ ಯಂತ್ರ ಕೆಳಗೆ ಜಾರಿ ತೊಡೆಗೋ ಮೊಣಕಾಲಿಗೋ ಬರುತ್ತದೆ. ಹರಿತ ಚೈನು ಯಂತ್ರದ ತೂಕಕ್ಕೇ ಇಳಿಯುತ್ತದೆ.

ಹಲ್ಲಿನ ರಚನೆ ಗೊತ್ತಿದ್ದರೆ ಅರ ಹಾಕುವುದು ಸುಲಭ. ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ, ಹೀಗೆ ಸರದಿಯಲ್ಲಿರುತ್ತವೆ. ಅಮೆರಿಕದ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವ ಕೆಲಸಗಾರ 1946ರಲ್ಲಿ ಕೊರಡಿನೊಳಗೆ ಕೊರೆಯುತ್ತಿದ್ದ ಹುಳುವೊಂದರ ದವಡೆಗಳ ಓಡಾಟವನ್ನು ಗಮನಿಸಿ ಈ ಬಗೆಯ ಚೈನು ರೂಪಿಸಿದ. ನಮ್ಮ ಯಂತ್ರಗಳಲ್ಲಿ ಇಂದಿಗೂ ಓಡುತ್ತಿರುವುದು ಅದರ ವಂಶವೇ. ಪ್ರತಿ ಹಲ್ಲಿನ ಮುಂದೆ ಒಂದು ಸಣ್ಣ ದಿಬ್ಬವಿದೆ, ನೋಡಿ. ಹಲ್ಲು ಎಷ್ಟು ಆಳ ಕಚ್ಚಬೇಕೆಂದು ತೀರ್ಮಾನಿಸುವುದು ಅದು. ಸಾಮಾನ್ಯವಾಗಿ ಹಲ್ಲಿನ ತುದಿಗಿಂತ ಅದು 0.65 ಮಿಲಿಮೀಟರ್ ತಗ್ಗಿರುತ್ತದೆ.

ಕೊಯ್ತ ಓರೆಯಾಗುವುದಕ್ಕೆ ಕಾರಣ ಒಂದು ಬದಿಯ ಹಲ್ಲುಗಳು ಇನ್ನೊಂದು ಬದಿಯವಕ್ಕಿಂತ ಗಿಡ್ಡವಾಗಿರುವುದು. ಬಲಗೈಯವರಿಗೆ ಒಂದು ಬದಿ ಅನುಕೂಲ, ಅಲ್ಲಿ ಅರ ಜೋರಾಗಿ ಹೋಗುತ್ತದೆ. ಅತಿ ಗಿಡ್ಡವಾದ ಹಲ್ಲನ್ನು ಹುಡುಕಿ ಉಳಿದವನ್ನು ಅದರ ಅಳತೆಗೆ ತನ್ನಿ. ಆಮೇಲೆ ಪ್ರತಿ ಹಲ್ಲಿಗೂ ಅಷ್ಟೇ ಸಲ ಅರ. ದುಂಡು ಅರದ ಗಾತ್ರ ಚೈನಿಗೆ ಹೊಂದಬೇಕು: ಸಣ್ಣ ಯಂತ್ರಗಳ ತೆಳು ಚೈನಿಗೆ 4 ಮಿ.ಮೀ., .325 ಇಂಚು ಅಳತೆಯ ಚೈನಿಗೆ 4.8 ಮಿ.ಮೀ. ಅರವನ್ನು ಮುಂದಕ್ಕೆ ಮಾತ್ರ ತಳ್ಳಿ, ಹಿಂದಕ್ಕೆ ಎಳೆಯುವಾಗ ಎತ್ತಿ. ಕೋನ ಸುಮಾರು 30 ಡಿಗ್ರಿ. ಹಲ್ಲಿನ ಮೇಲೆ ಗೆರೆಯಿದ್ದರೆ ಅದೇ ದಾರಿ. ಎಂಜಿನ್ ಆರಿಸಿ, ಕೈಗವಸು ಹಾಕಿ.

ಈಗ ಅಪಾಯದ ಭಾಗ. ನಾಲ್ಕೈದು ಸಲ ಅರ ಹಾಕಿದ ಮೇಲೆ ಹಲ್ಲು ತಗ್ಗುತ್ತದೆ, ದಿಬ್ಬ ಎತ್ತರ ಉಳಿಯುತ್ತದೆ, ಯಂತ್ರ ಕಚ್ಚುವುದಿಲ್ಲ. ಆಗ ಕೆಲವರು ಚಪ್ಪಟೆ ಅರ ತಂದು ಕಣ್ಣಂದಾಜಿನಲ್ಲಿ ದಿಬ್ಬವನ್ನು ತೇಯುತ್ತಾರೆ. ಹೆಚ್ಚು ತೇದರೆ ಹಲ್ಲು ಅತಿ ಆಳಕ್ಕೆ ಕಚ್ಚಿ ಯಂತ್ರ ಒದೆಯುತ್ತದೆ. ದಿಬ್ಬದ ಅಳತೆಗೆಂದೇ ಒಂದು ಲೋಹದ ಪಟ್ಟಿ ಸಿಗುತ್ತದೆ, ಹೆಚ್ಚಿನ ಬೆಲೆಯಿಲ್ಲ. ಅದಿಲ್ಲದೆ ದಿಬ್ಬ ಮುಟ್ಟಬೇಡಿ. ದಿಮ್ಮಿಯನ್ನು ಕೆಮ್ಮಣ್ಣಿನಲ್ಲಿ ಎಳೆದು ತಂದು ಹಾಗೆಯೇ ಕೊಯ್ದರೆ ಅರ ಹಾಕಿದ್ದೆಲ್ಲ ಹತ್ತು ನಿಮಿಷದಲ್ಲಿ ಹೋಯಿತೆಂದು ತಿಳಿಯಿರಿ.

ಪ್ರಶ್ನೆ: ಚೈನಿಗೆ ಸುಟ್ಟ ಎಂಜಿನ್ ಆಯಿಲ್ ಹಾಕಬಹುದೇ? ಪೆಟ್ರೋಲಿಗೆ ಎಷ್ಟು ಆಯಿಲ್ ಬೆರೆಸಬೇಕು?
— ಓದುಗ, ಕುಮಟಾ

ಉತ್ತರ: ಬೇಡ. ಅದರಲ್ಲಿ ಲೋಹದ ಪುಡಿಯಿದೆ, ಮೈಗೆ ಒಳ್ಳೆಯದಲ್ಲ, ಬಾರಿಗೆ ಅಂಟಿಯೂ ನಿಲ್ಲುವುದಿಲ್ಲ. ಪೆಟ್ರೋಲಿಗೆ ಕಂಪನಿ ಪುಸ್ತಕದಲ್ಲಿ 50:1 ಎಂದಿದ್ದರೆ ಲೀಟರಿಗೆ 20 ಮಿ.ಲೀ., 25:1 ಎಂದಿದ್ದರೆ 40. ಎಂಜಿನ್ ಆರಿಸಿ, ತಣಿದ ಮೇಲೆ ತುಂಬಿಸಿ; ತುಂಬಿಸಿದ ಜಾಗದಿಂದ ಹತ್ತು ಅಡಿ ಆಚೆ ಹೋಗಿ ಚಾಲೂ ಮಾಡಿ. ಬೀಡಿ ಹಚ್ಚುವವರು ಇನ್ನೂ ಆಚೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ಅದು ತೇವ ಹೀರುತ್ತದೆ. ಮಳೆಗಾಲ ಪೂರ್ತಿ ಟ್ಯಾಂಕಿನಲ್ಲಿ ಬಿಟ್ಟು, ದೀಪಾವಳಿಗೆ ಎಳೆದರೆ ಚಾಲೂ ಆಗುವುದಿಲ್ಲ ಎಂದು ನನ್ನ ಬಳಿ ತರಬೇಡಿ.

ಪ್ರಶ್ನೆ: ನಾನು ಕಟ್ಟಿಗೆ ಗುತ್ತಿಗೆದಾರ. ಯಂತ್ರ ಹಿಡಿಯುವವರಿಗೆ ಹೆಲ್ಮೆಟ್ ಕೊಟ್ಟಿದ್ದೇನೆ. ವಿಶೇಷ ಪ್ಯಾಂಟ್ ಬೇಕೆಂದು ಯಾರೋ ಹೇಳಿದರು. ಬೆಲೆ ಕೇಳಿ ಗಾಬರಿಯಾಯಿತು. ಜೀನ್ಸ್ ಸಾಲದೇ? ನಮ್ಮ ಸೆಕೆಯಲ್ಲಿ ಅದನ್ನೆಲ್ಲ ಹಾಕುತ್ತಾರೆಯೇ?
— ಗುತ್ತಿಗೆದಾರ, ಯಲ್ಲಾಪುರ

ಉತ್ತರ: ಜೀನ್ಸನ್ನು ಈ ಚೈನು ಸೀಳುವುದು ನಿಮ್ಮ ಕಣ್ಣಿಗೂ ಕಾಣದು. ಲುಂಗಿ ಇನ್ನೂ ಕೆಟ್ಟದ್ದು. ಅದು ಚೈನಿಗೆ ಸುತ್ತಿಕೊಂಡು ಕಾಲನ್ನೂ ಎಳೆದುಕೊಳ್ಳುತ್ತದೆ.

ಆ ಪ್ಯಾಂಟಿನ ಕೆಲಸ ಬೇರೆ ರೀತಿಯದು. ಹೊರಬಟ್ಟೆಯ ಕೆಳಗೆ ಉದ್ದುದ್ದ ಸಡಿಲ ನೂಲಿನ ಹಲವು ಪದರಗಳಿವೆ. ಚೈನು ತಾಗಿದೊಡನೆ ನೂಲು ಕಿತ್ತು ಬಂದು ಹಲ್ಲುಗಾಲಿಯ ಸುತ್ತ ಸುತ್ತಿ ಯಂತ್ರವನ್ನು ಉಸಿರುಕಟ್ಟಿಸಿ ನಿಲ್ಲಿಸುತ್ತದೆ. ಮೊದಲ ದರ್ಜೆಯ ಪ್ಯಾಂಟನ್ನು ಸೆಕೆಂಡಿಗೆ 20 ಮೀಟರ್ ವೇಗದ ಚೈನಿನಲ್ಲಿ ಪರೀಕ್ಷಿಸಿರುತ್ತಾರೆ, ಎರಡನೆಯದನ್ನು 24ರಲ್ಲಿ. ಒಮ್ಮೆ ಚೈನು ಹೊಕ್ಕ ಪ್ಯಾಂಟನ್ನು ಹೊಲಿಸಿ ಮತ್ತೆ ಕೊಡಬೇಡಿ. ನೂಲೆಲ್ಲ ಹೊಲಿಗೆಯಲ್ಲಿ ಸಿಕ್ಕಿ ಹೊರಗೆ ಬರುವುದಿಲ್ಲ.

ಸೆಕೆಯ ಮಾತು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಅದಕ್ಕೆ ಕಾಲಿನ ಮುಂಭಾಗಕ್ಕೆ ಮಾತ್ರ ಕಟ್ಟಿಕೊಳ್ಳುವ, ಹಿಂಬದಿ ತೆರೆದಿರುವ ಬಗೆಯೂ ಇದೆ. ಮರ ಬೀಳಿಸುವ ಕೆಲಸವನ್ನು ಬೆಳಿಗ್ಗೆ ಮುಗಿಸಿ, ಮಧ್ಯಾಹ್ನಕ್ಕೆ ಕಟ್ಟಿಗೆ ಒಟ್ಟುವ ಕೆಲಸ ಇಟ್ಟುಕೊಳ್ಳಿ. ಬೆಲೆಯ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಯಂತ್ರದ ಬೆಲೆ ಹೇಳುವಾಗಲೇ ಪ್ಯಾಂಟಿನ ಬೆಲೆಯನ್ನೂ ಸೇರಿಸಿ ಹೇಳಬೇಕು. ಎರಡನ್ನೂ ಕೊಳ್ಳಲಾರದವನು ಯಂತ್ರವನ್ನೂ ಕೊಳ್ಳದಿರಲಿ.

ಕಿವಿಯನ್ನು ಮರೆಯಬೇಡಿ. ಚೈನ್‌ಸಾ ಸದ್ದು 100 ಡೆಸಿಬಲ್ ದಾಟುತ್ತದೆ, ಅಷ್ಟು ಸದ್ದಿಗೆ ಬರಿಗಿವಿ ದಿನಕ್ಕೆ ಹದಿನೈದು ನಿಮಿಷಕ್ಕಿಂತ ಹೆಚ್ಚು ಒಡ್ಡಬಾರದು. ಹತ್ತಿ ತುರುಕಿದರೆ ಸಾಲದು, ಹೆಲ್ಮೆಟ್ಟಿಗೇ ಕೂಡಿಸುವ ಕಿವಿಮುಚ್ಚಳ ಮತ್ತು ಮುಖದ ಜಾಲರಿ ಕೊಡಿಸಿ. ಕಿವಿ ಮುಚ್ಚಿದವನಿಗೆ ಕೂಗು ಕೇಳುವುದಿಲ್ಲವಾದ್ದರಿಂದ ಕೈಸನ್ನೆ ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಕೊಯ್ಯುತ್ತಿರುವವನ ಹೆಗಲು ತಟ್ಟಲು ಹಿಂದಿನಿಂದ ಯಾರೂ ಹೋಗಕೂಡದು. ಮರ ಬೀಳಿಸುವಾಗ ಅದರ ಎತ್ತರದ ಎರಡು ಪಟ್ಟು ದೂರದೊಳಗೆ ಕೊಯ್ಯುವವರನ್ನು ಬಿಟ್ಟು ಒಬ್ಬರೂ ಇರಬಾರದು. ಚಹಾ ತಂದ ಹುಡುಗನೂ ಸೇರಿ.

ಪ್ರಶ್ನೆ: ಒಂದು ಕಡೆ ವಾಲಿದ್ದ ಅಕೇಶಿಯಾ ಮರವನ್ನು ಹಿಂದಿನಿಂದ ಕೊಯ್ಯುತ್ತಿದ್ದಾಗ ಅರ್ಧಕ್ಕೇ ಉದ್ದಕ್ಕೆ ಸೀಳಿ, ಸೀಳು ನಮ್ಮವನ ತಲೆಯ ಮೇಲಿಂದ ಎದ್ದು ಹೋಯಿತು. ದೇವರ ದಯೆ. ಹೀಗೇಕಾಯಿತು?
— ಕೃಷಿಕ, ಬನವಾಸಿ

ಉತ್ತರ: ವಾಲಿದ ಮರದ ಹಿಂಬದಿಯ ನಾರು ಮೊದಲೇ ಬಿಗಿದಿರುತ್ತದೆ. ಮುಂದೆ ಕಚ್ಚು ಹಾಕದೆ, ಅಥವಾ ಕಾಟಾಚಾರಕ್ಕೆ ಸಣ್ಣ ಕಚ್ಚು ಹಾಕಿ ಹಿಂದಿನಿಂದ ಕೊಯ್ದರೆ, ಕೊಯ್ತ ಮುಗಿಯುವ ಮೊದಲೇ ಮರ ಬೀಳಲು ಹೊರಡುತ್ತದೆ. ಬಾಗಲು ಜಾಗವಿಲ್ಲದ್ದರಿಂದ ಕಾಂಡ ಉದ್ದಕ್ಕೆ ಸೀಳುತ್ತದೆ, ಹಿಂದಿನ ಸೀಳು ಎದ್ದು ಬಡಿಯುತ್ತದೆ.

ನೆಟ್ಟಗಿನ ಮರಕ್ಕೆ ಬೀಳಬೇಕಾದ ಕಡೆ ದಪ್ಪದ ಐದನೇ ಒಂದರಿಂದ ನಾಲ್ಕನೇ ಒಂದು ಭಾಗದಷ್ಟು ಬಾಯಿ ತೆರೆದ ಕಚ್ಚು. ಆಮೇಲೆ ಹಿಂದಿನಿಂದ ಕೊಯ್ದು, ಕಚ್ಚಿನ ಹಿಂದೆ ದಪ್ಪದ ಹತ್ತನೇ ಒಂದು ಭಾಗವನ್ನು ಕೊಯ್ಯದೆ ಬಿಡಬೇಕು. ಮರ ತಿರುಗದೆ ಬೀಳುವುದು ಆ ಪಟ್ಟಿಯ ಆಧಾರದಲ್ಲೇ. ತೀರ ವಾಲಿದ ಮರಕ್ಕೆ ಈ ಕ್ರಮ ಸಾಲದು. ಕಚ್ಚಿನ ಹಿಂದೆ ಬಾರನ್ನು ಕಾಂಡದೊಳಗೆ ತೂರಿಸಿ ಕೊಯ್ದು, ಹಿಂಬದಿಯ ನಾರನ್ನು ಕೊನೆಗೆ ಕಡಿಯುವ ಪದ್ಧತಿಯಿದೆ. ಅದರಲ್ಲಿ ಬಾರಿನ ತುದಿಯೇ ಮರ ಹೊಗುವುದರಿಂದ ಕಲಿತವರ ಬಳಿ ನಿಂತು ಕಲಿಯಬೇಕು, ಪತ್ರಿಕೆ ಓದಿ ಮಾಡುವ ಕೆಲಸವಲ್ಲ. ಮರ ಅಲುಗಿದೊಡನೆ ಹಿಂದಕ್ಕೆ ಓರೆಯಾಗಿ ಹೋಗುವ ದಾರಿಯನ್ನು ಯಂತ್ರ ಚಾಲೂ ಮಾಡುವ ಮೊದಲೇ ಸವರಿಟ್ಟುಕೊಳ್ಳಿ. ನೇರ ಹಿಂದಕ್ಕಲ್ಲ, ಬುಡ ಒದೆಯುವುದು ಆ ಕಡೆಗೇ.

ಪ್ರಶ್ನೆ: ಗಾಳಿಮಳೆಗೆ ನಮ್ಮ ಗಾಳಿಮರವೊಂದು ಬೇರುಸಹಿತ ಒರಗಿ ಪಕ್ಕದ ಮಾವಿನ ಮೇಲೆ ಕೂತಿದೆ. ಒಂದು ಟೊಂಗೆ ಕರೆಂಟ್ ತಂತಿಗೆ ತಾಗುತ್ತದೆ. ಕರೆಂಟ್ ಹೋಗಿದೆ. ಈಗಲೇ ಕೊಯ್ದುಬಿಡಲೇ?
— ಓದುಗರು, ಅಂಕೋಲಾ

ಉತ್ತರ: ಇಲ್ಲ. ಮೊದಲು 1912ಕ್ಕೆ ಕರೆ ಮಾಡಿ, ಹೆಸ್ಕಾಂನವರು ಬಂದು ಲೈನ್ ಆಫ್ ಮಾಡಿ ಅರ್ತಿಂಗ್ ಮಾಡುವವರೆಗೆ ಮರದ ಹತ್ತಿರ ಸುಳಿಯಬೇಡಿ. ಮನೆಯ ಬಲ್ಬು ಉರಿಯುತ್ತಿಲ್ಲ ಎಂದರೆ ತಂತಿ ಸತ್ತಿದೆ ಎಂದಲ್ಲ. ಯಾರೋ ತಪ್ಪಾಗಿ ಜೋಡಿಸಿದ ಜನರೇಟರಿನಿಂದಲೂ ಕರೆಂಟ್ ಹಿಂದಕ್ಕೆ ತಂತಿಗೆ ಬರಬಹುದು, ಹಸಿ ಮರ ಅದನ್ನು ನಿಮ್ಮವರೆಗೆ ತಲುಪಿಸುತ್ತದೆ.

ಲೈನಿನ ಗೊಡವೆ ತೀರಿದ ಮೇಲೂ ಸಿಕ್ಕಿಕೊಂಡ ಮರದ ಅಡಿಗೆ ಹೋಗುವುದು, ಅದನ್ನು ಹೊತ್ತಿರುವ ಮಾವನ್ನು ಕೊಯ್ಯುವುದು, ಮೇಲೆ ಹತ್ತಿ ಕುಪ್ಪಳಿಸುವುದು, ಮೂರೂ ಜೀವ ತೆಗೆಯುವ ಕೆಲಸಗಳೇ. ಉದ್ದನೆಯ ಹಗ್ಗ ಕಟ್ಟಿ, ದೂರದಲ್ಲಿ ನಿಲ್ಲಿಸಿದ ಟ್ರ್ಯಾಕ್ಟರಿನಿಂದ ಎಳೆಸಿ. ಮರ ಎಷ್ಟು ಉದ್ದವೋ ಹಗ್ಗ ಅದಕ್ಕಿಂತ ಸಾಕಷ್ಟು ಉದ್ದವಿರಬೇಕು.

ನೆಲಕ್ಕೆ ಬಂದ ಮೇಲೆ ಕಾಂಡ ಎಲ್ಲಿ ಬಾಗಿದೆ ನೋಡಿ. ಬಾಗಿನ ಒಳಬದಿಯ ನಾರು ಒತ್ತಿಕೊಂಡಿರುತ್ತದೆ, ಹೊರಬದಿಯದು ಬಿಗಿದಿರುತ್ತದೆ. ಮೊದಲು ಒತ್ತಿದ ಬದಿಯಲ್ಲಿ ದಪ್ಪದ ಮೂರನೇ ಒಂದರಷ್ಟು, ಬಾರ್ ಹಿಡಿದುಕೊಳ್ಳುವ ಮುನ್ನ ನಿಲ್ಲಿಸಿ. ಆಮೇಲೆ ಬಿಗಿದ ಬದಿಯಿಂದ ನಿಧಾನವಾಗಿ. ಅದು ಚಿಮ್ಮುವ ಕಡೆ ನಿಲ್ಲಬೇಡಿ. ಬುಡದ ಮಣ್ಣಿನ ಹೆಂಟೆಯ ಬಗ್ಗೆ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ: ಕಾಂಡದ ಭಾರ ಕಳಚಿದೊಡನೆ ಬೇರು ಮಣ್ಣುಸಹಿತ ಎದ್ದು ತನ್ನ ಗುಂಡಿಗೆ ಮರಳಿ ಬೀಳಬಹುದು. ಆ ಗುಂಡಿಯಲ್ಲಿ ಮಕ್ಕಳು ಆಡದಂತೆ ಒಬ್ಬರನ್ನು ಕಾವಲಿಗೆ ನಿಲ್ಲಿಸಿ.

ಪ್ರಶ್ನೆ: ನನ್ನ ಯಜಮಾನರು ಹಲವು ವರ್ಷಗಳಿಂದ ಯಂತ್ರದ ಕೆಲಸಕ್ಕೆ ಹೋಗುತ್ತಾರೆ. ಚಳಿಗಾಲದ ಬೆಳಿಗ್ಗೆ ಬೈಕಿನಲ್ಲಿ ಹೋದರೆ ಅವರ ಎರಡು ಬೆರಳ ತುದಿ ಬಿಳಿಚಿಕೊಂಡು ಮರಗಟ್ಟುತ್ತದೆ. ಅಂಗಿಯ ಗುಂಡಿ ಹಾಕಲಾಗುವುದಿಲ್ಲ. ರಕ್ತ ಕಡಿಮೆ ಇರಬಹುದೆಂದು ಬೀಟ್‌ರೂಟ್ ಕೊಡುತ್ತಿದ್ದೇನೆ.
— ಗೃಹಿಣಿ, ಜೋಯಿಡಾ

ಉತ್ತರ: ತಂಗಿ, ಬೀಟ್‌ರೂಟ್ ಕೊಡಿ, ಆದರೆ ಅವರನ್ನು ಬೇಗ ವೈದ್ಯರ ಬಳಿಯೂ ಕರೆದುಕೊಂಡು ಹೋಗಿ. ‘ಚೈನ್‌ಸಾ ಹಿಡಿಯುವ ಕೆಲಸ’ ಎಂದು ನೀವೇ ಬಾಯಿಬಿಟ್ಟು ಹೇಳಿ, ಗಂಡಸರು ಇಂಥದ್ದನ್ನು ಹೇಳುವುದಿಲ್ಲ. ಯಂತ್ರದ ನಡುಕ ವರ್ಷಗಟ್ಟಲೆ ಕೈಗೆ ಏರಿದರೆ ಬೆರಳಿನ ಸಣ್ಣ ರಕ್ತನಾಳಗಳೂ ನರಗಳೂ ಹಾಳಾಗುತ್ತವೆ. ಚಳಿ ತಾಗಿದಾಗ ಬೆರಳು ಬಿಳುಪೇರುವುದು ಅದರ ಗುರುತು. ಈ ಹಂತದಲ್ಲಿ ಕೆಲಸ ತಗ್ಗಿಸಿದರೆ ತಡೆಯಬಹುದು. ಬಹಳ ಮುಂದುವರಿದರೆ ಹಿಂತಿರುಗದು.

ಯಂತ್ರದ ಕಡೆಯಿಂದ ನಾನು ಹೇಳಬಹುದಾದದ್ದು: ಹಿಡಿಕೆಗೂ ಎಂಜಿನ್ನಿಗೂ ನಡುವೆ ನಡುಕ ತಡೆಯುವ ರಬ್ಬರ್ ಅಥವಾ ಸ್ಪ್ರಿಂಗ್‌ಗಳಿವೆ. ಅವು ಹರಿದ ಯಂತ್ರಗಳೇ ನನ್ನಲ್ಲಿಗೆ ಹೆಚ್ಚು ಬರುವುದು, ಹರಿದಿದೆ ಎಂದು ಹೇಳಿಕೊಂಡು ಬಂದವರು ಕಡಿಮೆ. ಅವನ್ನು ಬದಲಿಸಿ, ಚೈನು ಹರಿತವಿಡಿ. ಇಬ್ಬರು ಸರದಿಯಲ್ಲಿ ಹಿಡಿಯಲಿ. ಕೈ ಬೆಚ್ಚಗಿರಲಿ, ಬೈಕಿನಲ್ಲಿ ಕೈಗವಸು ಹಾಕಿಸಿ. ಬೀಡಿ ರಕ್ತನಾಳವನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಬಿಡಿಸುವ ಕೆಲಸ ನಿಮ್ಮದು.

ಪ್ರಶ್ನೆ: ಏಣಿಯ ಮೇಲೆ ನಿಂತು ಒಂದೇ ಕೈಯಲ್ಲಿ ಹಿಡಿಯಲು ಹಗುರವಾದ ಬ್ಯಾಟರಿ ಚೈನ್‌ಸಾ ಯಾವುದು?
— ಓದುಗ, ಭಟ್ಕಳ

ಉತ್ತರ: ಯಾವುದೂ ಇಲ್ಲ. ಉದ್ದ ಕೋಲಿಗೆ ಕೂಡಿಸಿದ ಗರಗಸ ಕೊಂಡು ನೆಲದ ಮೇಲೆ ನಿಲ್ಲಿ.

ಪ್ರಶ್ನೆ: ನಾನು ಯಂತ್ರ ಹಿಡಿಯುವ ಕೂಲಿ. ಲೋಡಿನ ಲೆಕ್ಕದಲ್ಲಿ ಹಣ ಕೊಡುತ್ತಾರೆ. ಅರ ಹಾಕಲು ಕೂತರೂ ನನಗೇ ನಷ್ಟ. ಗಾಯವಾದರೆ ಯಾರು ನೋಡುತ್ತಾರೆ?
— ಕೆಲಸಗಾರ, ಮುಂಡಗೋಡ

ಉತ್ತರ: ಈ ಸಲದ ಪತ್ರಗಳಲ್ಲಿ ಸರಿಯಾದ ಜಾಗಕ್ಕೆ ಬೆರಳಿಟ್ಟವರು ನೀವು. ಹುಲೇಕಲ್ಲಿನವರ ಕೆಲಸದವನು ಬ್ರೇಕ್ ಬಿಚ್ಚಿದ್ದೂ ಇದೇ ಅವಸರಕ್ಕೆ ಇದ್ದೀತು. ಲೋಡಿನ ಲೆಕ್ಕದಲ್ಲಿ ದುಡಿಸುವವನು ಅರ ಹಾಕುವ, ಬ್ರೇಕ್ ಪರೀಕ್ಷಿಸುವ, ದಾರಿ ಸವರುವ ಹೊತ್ತನ್ನೆಲ್ಲ ಕೂಲಿಯವನ ಜೇಬಿನಿಂದ ಕಳೆಯುತ್ತಾನೆ. ಓದುತ್ತಿರುವ ತೋಟದ ಮಾಲೀಕರೇ, ಗುತ್ತಿಗೆದಾರರೇ, ದಿನಗೂಲಿ ಕೊಡಿ. ಲೋಡಿನ ಲೆಕ್ಕವೇ ಬೇಕೆಂದರೆ ಅರ ಹಾಕುವ ಹೊತ್ತಿಗೆ ಬೇರೆ ಕೂಲಿ ಹಿಡಿಯಿರಿ.

ಕೆಲಸದ ವೇಳೆ ಆದ ಗಾಯಕ್ಕೆ ಪರಿಹಾರ ಕೊಡುವುದು ದುಡಿಸುವವನ ಹೊಣೆ ಎಂಬುದು 1923ರ ಕಾಯ್ದೆಯ ಕಾಲದಿಂದ ಕಾನೂನಿನಲ್ಲಿದೆ. ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ವಿಚಾರಿಸಿ. ಕೂಲಿ ಕೊಟ್ಟದ್ದಕ್ಕೆ ಚೀಟಿಯೋ ಮೊಬೈಲಿನ ಪಾವತಿಯೋ ಏನಾದರೊಂದು ದಾಖಲೆ ಉಳಿಸಿಕೊಳ್ಳಿ, ಬಾಯಿಮಾತಿನ ಕೆಲಸ ಆಮೇಲೆ ಸಾಬೀತಾಗುವುದಿಲ್ಲ. ಇದರ ಜೊತೆಗೆ ನಿಮ್ಮ ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಮಾಡಿಸಿ: ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸಾವಾದರೆ ಮನೆಯವರಿಗೆ 2 ಲಕ್ಷ, ಒಂದು ಕೈ ಅಥವಾ ಒಂದು ಕಾಲು ಶಾಶ್ವತವಾಗಿ ಹೋದರೆ 1 ಲಕ್ಷ. 18ರಿಂದ 70 ವರ್ಷದವರಿಗೆ ಸಿಗುತ್ತದೆ.

ಒಂಟಿಯಾಗಿ ಕೆಲಸಕ್ಕೆ ಹೋಗಬೇಡಿ. ದಪ್ಪ ಬ್ಯಾಂಡೇಜಿನ ಸುರುಳಿ ಜೀಪಿನಲ್ಲಲ್ಲ, ನಿಮ್ಮ ಜೇಬಿನಲ್ಲೇ ಇರಲಿ. ಚೈನಿನ ಗಾಯ ಕತ್ತಿಯ ಗಾಯದ ಹಾಗೆ ನೆಟ್ಟಗಿರುವುದಿಲ್ಲ, ಮಾಂಸವನ್ನೇ ಕಿತ್ತಿರುತ್ತದೆ. ಅರಿಶಿನ, ಕಾಫಿಪುಡಿ ಎಂದು ಹೊತ್ತು ಕಳೆಯದೆ ಬಟ್ಟೆಯಿಟ್ಟು ಬಲವಾಗಿ ಒತ್ತಿ ಹಿಡಿದು, ಒತ್ತಿದ ಕೈ ತೆಗೆಯದೆ ಸಾಗಿಸಬೇಕು. 108ಕ್ಕೆ ಕರೆ ಮಾಡಲು ಟವರ್ ಎಲ್ಲಿ ಸಿಗುತ್ತದೆ, ಆಂಬುಲೆನ್ಸ್ ಎಲ್ಲಿಯವರೆಗೆ ಬರಬಲ್ಲದು ಎಂಬುದನ್ನು ಬೆಳಿಗ್ಗೆ ಯಂತ್ರ ಚಾಲೂ ಮಾಡುವ ಮೊದಲು ಜೊತೆಯವನೂ ನೋಡಿಟ್ಟುಕೊಂಡಿರಲಿ.